ಕಡಲಿಗೆ ಹೊರಟ ದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ಚಿತ್ರದುರ್ಗ, ದಾವಣಗೆರೆ ಕಡೆಯ ಶಾಲೆ-ಕಾಲೇಜುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಜೋಗ ನೋಡಿಕೊಂಡು ಮುರುಡೇಶ್ವರ, ಗೋಕರ್ಣ, ಇಲ್ಲವೇ ಉಡುಪಿ-ಮಲ್ಪೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ದುರ್ಗದಿಂದ ಸಮುದ್ರ ಸುಮಾರು 200 ಕಿ.ಮೀ., ದಾವಣಗೆರೆಯಿಂದ 160ರ ಆಸುಪಾಸು. ದೂರವೇನಲ್ಲ. ಆದರೆ ಕೆರೆ, ಬಾವಿ, ನಾಲೆ ನೋಡಿ ಬೆಳೆದವರಿಗೆ ಕಡಲಿನ ಸ್ವಭಾವ ಗೊತ್ತಿರುವುದಿಲ್ಲ. ಹೊರಡುವ ಮೊದಲು ಮಕ್ಕಳು ಕೇಳುವ, ಅವರಿಗಿಂತ ಜಾಸ್ತಿ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಜೀವಕ್ಕೆ ಸಂಬಂಧಪಟ್ಟಿದ್ದು ಮೊದಲು. ಆಮೇಲೆ ಮರಳು, ಮೀನು, ಮಳೆ, ಕಲ್ಲು.

ನನ್ನ ಮಗನಿಗೆ ಈಜು ಚೆನ್ನಾಗಿ ಬರುತ್ತೆ. ಭದ್ರಾ ನಾಲೆಯಲ್ಲೇ ಈಜಿದ್ದಾನೆ. ಸಮುದ್ರಕ್ಕೆ ಇಳಿದರೆ ಏನಾಗುತ್ತೆ?

ತೊಂದರೆಗೆ ಸಿಕ್ಕುವವರಲ್ಲಿ ಈಜು ಬರುವವರೂ ಇರುತ್ತಾರೆ. ಧೈರ್ಯ ಇರುತ್ತದಲ್ಲ, ಅದಕ್ಕೆ.

ನಾಲೆಯ ನೀರು ಒಂದೇ ಕಡೆ ಹರಿಯುತ್ತದೆ, ಪಕ್ಕದಲ್ಲಿ ದಡ ಕಾಣುತ್ತಿರುತ್ತದೆ. ಕಡಲ ತೀರದಲ್ಲಿ ಹಾಗಲ್ಲ. ಅಲೆಗಳು ಒಂದರ ಹಿಂದೊಂದು ಬಂದು ಒಡೆದಾಗ ದಡದ ಹತ್ತಿರ ನೀರು ಜಮಾಯಿಸುತ್ತದೆ. ಆ ನೀರು ವಾಪಸ್ ಹೋಗಲೇಬೇಕು. ಆದರೆ ದಡದಿಂದ ಸ್ವಲ್ಪ ಒಳಗೆ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ಮೇಲಿಂದ ಮೇಲೆ ಅಲೆ ಬರುತ್ತಿರುವುದರಿಂದ ನೀರಿಗೆ ಅದರ ಮೇಲೆ ಹಾದು ಹೋಗುವುದು ಕಷ್ಟ. ದಿಬ್ಬದಲ್ಲಿ ಎಲ್ಲೋ ಒಂದು ಕಡೆ ತಗ್ಗು ಇದ್ದೇ ಇರುತ್ತದೆ. ತುಂಬಿದ ಕೆರೆಯ ಹೆಚ್ಚಿನ ನೀರೆಲ್ಲ ಕೋಡಿಯ ಕಡೆಗೇ ನುಗ್ಗುವ ಹಾಗೆ ಇಲ್ಲಿಯೂ ಅಷ್ಟೂ ನೀರು ಆ ತಗ್ಗಿನಲ್ಲೇ ಹೊರಕ್ಕೆ ನುಗ್ಗುತ್ತದೆ. ಇದೇ ರಿಪ್ ಕರೆಂಟ್. ಕನ್ನಡದಲ್ಲಿ ಸೆಳೆತ ಅಂದರೆ ಸಾಕು.

ಸೆಳೆತದ ಅಗಲ ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರ್. ವೇಗ ಹೆಚ್ಚಿನ ಸಲ ಸೆಕೆಂಡಿಗೆ ಅರ್ಧ ಮೀಟರ್, ಜೋರಾದಾಗ ಎರಡು ಮೀಟರನ್ನೂ ಮುಟ್ಟುತ್ತದೆ. ಒಲಿಂಪಿಕ್ಸ್ ಈಜುಗಾರನೂ ಅಷ್ಟು ವೇಗಕ್ಕೆ ಎದುರಾಗಿ ದಡಕ್ಕೆ ಬರಲಾರ. ಮಗನ ಈಜು ಎಷ್ಟೇ ಚೆನ್ನಾಗಿರಲಿ, ಇದು ಅವನ ತಾಕತ್ತಿನ ಪ್ರಶ್ನೆ ಅಲ್ಲವೇ ಅಲ್ಲ.

ದಡದಲ್ಲಿ ನಿಂತು ನೋಡಿದರೆ ಸೆಳೆತ ಗೊತ್ತಾಗುತ್ತಾ?

ಹೆಚ್ಚಿನ ಸಲ ಗೊತ್ತಾಗುತ್ತದೆ. ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೋಡಿ. ಅಲೆಗಳು ಬೆಳ್ಳಗೆ ಒಡೆಯುವ ಸಾಲಿನಲ್ಲಿ ಒಂದು ಕಡೆ ಮಾತ್ರ ಬಿಳಿ ನೊರೆ ಇರುವುದಿಲ್ಲ. ಅಲ್ಲಿ ನೀರು ಸ್ವಲ್ಪ ಕಪ್ಪಗೆ, ನೋಡಲು ಶಾಂತವಾಗಿ ಇರುತ್ತದೆ. ಕೆಲವೊಮ್ಮೆ ಅಲ್ಲಿಂದ ಕೆಂಚು ಮರಳು ನೀರು, ನೊರೆ, ಕಸ ಕಡಲ ಕಡೆಗೆ ಹೋಗುತ್ತಿರುವುದೂ ಕಾಣುತ್ತದೆ.

ಮೋಸ ಇರುವುದೇ ಇಲ್ಲಿ. ಹೊಸಬರು "ಅಲ್ಲಿ ಅಲೆ ಇಲ್ಲ, ಮಕ್ಕಳನ್ನು ಅಲ್ಲಿ ಆಡಿಸೋಣ" ಅಂತ ಹುಡುಕಿಕೊಂಡು ಹೋಗುವುದು ಅದೇ ಜಾಗಕ್ಕೆ. ಅಲೆ ಒಡೆಯದೇ ಇರಲು ಕಾರಣ ಅಲ್ಲಿ ಆಳ ಜಾಸ್ತಿ ಇರುವುದು. ಬಂಡೆಗಳ ಪಕ್ಕ, ಜೆಟ್ಟಿಯ ಪಕ್ಕ ಇಂಥ ಸೆಳೆತ ಕಾಯಂ ಆಗಿಯೇ ಇರುತ್ತದೆ. ಹೊಳೆ ಕಡಲು ಸೇರುವ ಅಳಿವೆಯ ಬಾಯಿ ಇನ್ನೂ ಅಪಾಯ. ಇಳಿತದ ಹೊತ್ತಿನಲ್ಲಿ ಹೊಳೆ ನೀರೂ ಕಡಲ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ.

ಸಿಕ್ಕಿಬಿದ್ದರೆ ಏನು ಮಾಡಬೇಕು?

ದಡದ ಕಡೆಗೆ ಈಜಬೇಡಿ. ಸುಸ್ತಾಗುವುದೇ ಅದರಿಂದ, ಮುಳುಗುವುದು ಸುಸ್ತಿನಿಂದ. ಮೊದಲು ತೇಲಿ. ಕೈ ಎತ್ತಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಿ. ಸೆಳೆತದ ಅಗಲ ಕಡಿಮೆ, ಬೇಗ ದಾಟಬಹುದು. ಆಮೇಲೆ ಅಲೆ ಬೆಳ್ಳಗೆ ಒಡೆಯುವ ಜಾಗದಲ್ಲಿ, ಅಲೆಯ ಜೊತೆಗೇ ಒಳಗೆ ಬನ್ನಿ. ಪಕ್ಕಕ್ಕೆ ಈಜಲೂ ಆಗದಿದ್ದರೆ ತೇಲುತ್ತಾ ಇರಿ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸೆಳೆತದ ಜೋರು ಇಳಿಯುತ್ತದೆ.

ದಡದಲ್ಲಿ ಇದ್ದವರು ಹಿಂದೆಯೇ ಹಾರಬಾರದು. ಒಬ್ಬ ಹೋದ, ಅವನನ್ನು ಹಿಡಿಯಲು ಅಣ್ಣ ಹೋದ, ಆಮೇಲೆ ಗೆಳೆಯ ಹೋದ ಅನ್ನುವ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ ಅಲ್ವಾ? ಲೈಫ್‌ಗಾರ್ಡ್‌ಗೆ ಕೂಗಿ, 112ಕ್ಕೆ ಫೋನ್ ಮಾಡಿ. ತೇಲುವ ಏನಾದರೂ ಎಸೆಯಿರಿ: ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟ್ಯೂಬ್, ಹಗ್ಗ. ಬಸ್ಸಿನಲ್ಲಿ ಒಂದು ಉದ್ದದ ಹಗ್ಗ, ಒಂದು ಖಾಲಿ ಕ್ಯಾನ್ ಇಟ್ಟುಕೊಂಡು ಹೋಗಿ ಅಂತ ಹೊರಟವರಿಗೆಲ್ಲ ನಾನು ಹೇಳುತ್ತೇನೆ. ನಗುವವರು ನಗಲಿ.

ಸಮುದ್ರ ಕಾಲು ಹಿಡಿದು ಕೆಳಗೆ ಎಳೆಯುತ್ತದಂತೆ?

ಇಲ್ಲ. ಸೆಳೆತ ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ಕಾಲಡಿಯ ಮರಳು ಜಾರುವುದು ಅಲೆ ಹಿಂದೆ ಸರಿಯುವಾಗ ಮರಳನ್ನೂ ಎಳೆದುಕೊಂಡು ಹೋಗುವುದರಿಂದ. ಮೊಣಕಾಲು ನೀರಿನಲ್ಲಿ ಚಿಕ್ಕ ಮಕ್ಕಳು ಇದರಿಂದಲೂ ಬೀಳುತ್ತಾರೆ. ಕೈ ಹಿಡಿದುಕೊಂಡೇ ಇರಿ.

ಮಳೆಗಾಲದಲ್ಲಿ ಹೋಗಬಾರದು ಅನ್ನುವುದು ಯಾಕೆ?

ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗಾಳಿ ಸಾವಿರಾರು ಕಿ.ಮೀ. ನೀರಿನ ಮೇಲೆ ತಡೆಯಿಲ್ಲದೆ ಬೀಸಿಕೊಂಡು ಬರುತ್ತದೆ. ಅಲೆಯ ಎತ್ತರ ಗಾಳಿಯ ಜೋರು, ಅದು ಬೀಸಿದ ಹೊತ್ತು, ಬೀಸಿ ಬಂದ ದೂರ, ಈ ಮೂರನ್ನು ಅವಲಂಬಿಸಿದೆ. ಮುಂಗಾರಿನಲ್ಲಿ ಮೂರೂ ಜಾಸ್ತಿ. ನಮ್ಮ ಕರಾವಳಿಯಾಚೆ ಅಲೆಗಳು ಮೂರು ಮೀಟರ್ ದಾಟುತ್ತವೆ. ದೊಡ್ಡ ಅಲೆ ಅಂದರೆ ದಡದಲ್ಲಿ ಜಾಸ್ತಿ ನೀರು, ಜಾಸ್ತಿ ನೀರು ಅಂದರೆ ಜೋರು ಸೆಳೆತ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಮುಖ್ಯ ಉದ್ದೇಶ ಮೀನು ಮರಿ ಹಾಕಲಿ ಅನ್ನುವುದು. ಆದರೂ ಕಡಲಲ್ಲೇ ಹುಟ್ಟಿ ಬೆಳೆದವರ ಬೋಟುಗಳು ದಕ್ಕೆಯಲ್ಲಿ ಕಟ್ಟಿರುವಾಗ ನಾವು ಹೋಗಿ ಇಳಿಯುವುದು ಯಾವ ಧೈರ್ಯದ ಮೇಲೆ?

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಡಲು ಶಾಂತ. ಸೆಳೆತ ಆಗಲೂ ಇರುತ್ತದೆ, ಜೋರು ಕಮ್ಮಿ ಅಷ್ಟೇ.

ಸಮುದ್ರಕ್ಕೆ ಭರತ-ಇಳಿತ ಇದೆ. ನಮ್ಮ ಶಾಂತಿಸಾಗರ ಕೆರೆಗೆ ಯಾಕಿಲ್ಲ?

ಚನ್ನಗಿರಿ ಕಡೆಯ ಮಕ್ಕಳ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ಚಂದ್ರ ಭೂಮಿಯ ಒಂದು ಮಗ್ಗುಲನ್ನು ಇನ್ನೊಂದು ಮಗ್ಗುಲಿಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತಾನೆ. ಭರತಕ್ಕೆ ಕಾರಣ ಈ ವ್ಯತ್ಯಾಸ. ಸಾವಿರಾರು ಕಿ.ಮೀ. ಅಗಲದ ಸಾಗರದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಕೆಲವೇ ಕಿ.ಮೀ. ಅಗಲದ ಕೆರೆಯ ಈ ದಡಕ್ಕೂ ಆ ದಡಕ್ಕೂ ಎಳೆತದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಣ್ಣಿಗೆ ಏನೂ ಕಾಣುವುದಿಲ್ಲ.

ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯನೂ ಸೇರುವುದರಿಂದ ಏರಿಳಿತ ಜಾಸ್ತಿ. ಮಂಗಳೂರಿನಲ್ಲಿ ಇದು ಒಂದೂವರೆ ಮೀಟರ್ ಆಸುಪಾಸು. ಅದೇ ಅರಬ್ಬಿ ಸಮುದ್ರದ ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ವರೆಗೂ ಹೋಗುತ್ತದೆ. ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ, ಆಳವೂ ಕಮ್ಮಿ, ನೀರು ಮೇಲೇಳದೆ ವಿಧಿಯಿಲ್ಲ.

ಕಡಲ್ಕೊರೆತದಲ್ಲಿ ಹೋದ ಮರಳು ಎಲ್ಲಿಗೆ ಹೋಗುತ್ತೆ?

ಉಳ್ಳಾಲ, ಮರವಂತೆ ಕಡೆ ಮಳೆಗಾಲದಲ್ಲಿ ತೆಂಗಿನ ಮರ, ಮನೆ, ರಸ್ತೆ ಕಡಲಿಗೆ ಬೀಳುವುದನ್ನು ಟಿವಿಯಲ್ಲಿ ನೋಡಿ ಕೇಳುವ ಪ್ರಶ್ನೆ. ಉತ್ತರ ಎರಡು ಭಾಗದಲ್ಲಿದೆ.

ಮೊದಲನೆಯದು ವರ್ಷದ ಲೆಕ್ಕ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದು ಸ್ವಲ್ಪ ಒಳಗೆ, ಆಗಲೇ ಹೇಳಿದ ದಿಬ್ಬದಲ್ಲಿ ಹಾಕುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ದಡಕ್ಕೆ ತಂದು ಹಾಕುತ್ತವೆ. ಜುಲೈನಲ್ಲಿ ಕಿರಿದಾಗಿದ್ದ ಬೀಚು ಜನವರಿಯಲ್ಲಿ ಅಗಲ ಆಗುವುದು ಹೀಗೆ.

ಎರಡನೆಯದು ಉದ್ದಕ್ಕೆ ಹೋಗುವ ಮರಳು. ಅಲೆ ದಡಕ್ಕೆ ನೆಟ್ಟಗೆ ಬಂದು ಬಡಿಯುವುದು ಅಪರೂಪ. ಸ್ವಲ್ಪ ಓರೆಯಾಗಿ ಬರುತ್ತದೆ. ಮರಳಿನ ಕಣ ಓರೆಯಾಗಿ ಮೇಲೇರುತ್ತದೆ, ಇಳಿಜಾರಿನಲ್ಲಿ ನೆಟ್ಟಗೆ ಕೆಳಗಿಳಿಯುತ್ತದೆ. ಹೀಗೆ ಪ್ರತಿ ಅಲೆಗೂ ಒಂದಿಷ್ಟು ಪಕ್ಕಕ್ಕೆ. ಜೊತೆಗೆ ದಡದ ಉದ್ದಕ್ಕೂ ಒಂದು ಪ್ರವಾಹವೂ ಹುಟ್ಟುತ್ತದೆ. ಅಲೆ ಬರುವ ದಿಕ್ಕು ಬದಲಾದಂತೆ ಮರಳಿನ ಪ್ರಯಾಣವೂ ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ. ಉಡುಪಿ ಹತ್ತಿರ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆ ನೋಡಿ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಕಿರಿದಾದ ಮರಳು ನಾಲಿಗೆ. ಅದನ್ನು ಕಟ್ಟಿದ್ದು ಈ ಪ್ರಯಾಣದ ಮರಳೇ.

ಈಗ ದಡಕ್ಕೆ ಅಡ್ಡವಾಗಿ ಕಲ್ಲಿನ ಗೋಡೆಯೋ ಬಂದರಿನ ತಡೆಯೋ ಕಟ್ಟಿದರೆ? ಒಂದು ಪಕ್ಕ ಮರಳು ನಿಲ್ಲುತ್ತದೆ, ಇನ್ನೊಂದು ಪಕ್ಕಕ್ಕೆ ಬರಬೇಕಾದದ್ದು ಬರುವುದಿಲ್ಲ, ಅಲ್ಲಿ ಕೊರೆತ ಶುರು. ಅಲ್ಲಿಗೂ ಕಲ್ಲು ಹಾಕಿದರೆ ಕೊರೆತ ಅದರಾಚೆ ಊರಿಗೆ ಹೋಗುತ್ತದೆ. ಮನೆ ಬೀಳುತ್ತಿರುವವರಿಗೆ ಕಲ್ಲು ಬೇಡ ಅನ್ನುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೂ ಕಲ್ಲು ಹಾಕುವುದರಿಂದ ಸಮಸ್ಯೆ ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ. ಇದರ ಮೇಲೆ ನದಿಗಳಿಗೆ ಅಣೆಕಟ್ಟು, ಹೊಳೆಯಲ್ಲಿ ಮರಳು ತೆಗೆಯುವುದು. ಕಡಲಿಗೆ ಮರಳು ಕೊಡುವವರು ಹೊಳೆಗಳೇ. ಅಲ್ಲಿಂದಲೇ ಬರದಿದ್ದರೆ ಬೀಚು ಎಲ್ಲಿಂದ ತುಂಬಿಕೊಳ್ಳಬೇಕು?

ನಮ್ಮ ಕರಾವಳಿಯ ದೊಡ್ಡ ಪ್ರವಾಹ ಯಾವ ದಿಕ್ಕಿಗೆ ಹರಿಯುತ್ತೆ?

ಯಾವ ತಿಂಗಳು ಅನ್ನುವುದರ ಮೇಲೆ ಹೋಗುತ್ತದೆ. ಜಗತ್ತಿನ ಬಹಳಷ್ಟು ದೊಡ್ಡ ಪ್ರವಾಹಗಳು ವರ್ಷವಿಡೀ ಒಂದೇ ದಿಕ್ಕಿಗೆ ಹರಿಯುತ್ತವೆ. ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ಮಾನ್ಸೂನ್ ಗಾಳಿ ತಿರುಗಿದಂತೆ ಪ್ರವಾಹವೂ ತಿರುಗುತ್ತದೆ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಉದ್ದಕ್ಕೆ ನೀರು ದಕ್ಷಿಣಕ್ಕೆ, ಕೇರಳದ ಕಡೆಗೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ತನಕ ಉತ್ತರಕ್ಕೆ. ಆಗ ಬಂಗಾಳ ಕೊಲ್ಲಿಯ ಉಪ್ಪು ಕಮ್ಮಿ ಇರುವ ನೀರು ಕನ್ಯಾಕುಮಾರಿಯನ್ನು ಸುತ್ತಿಕೊಂಡು ನಮ್ಮ ಕಡೆಗೂ ಬರುತ್ತದೆ.

ಮೀನು ತಿನ್ನುವವರಿಗೆ ಮುಂಗಾರಿನ ಕಥೆ ಮುಖ್ಯ. ಆಗ ಕೇರಳ, ಕರ್ನಾಟಕದ ತೀರದಲ್ಲಿ ಗಾಳಿಗೆ ನೀರನ್ನು ಉತ್ತರದಿಂದ ದಕ್ಷಿಣಕ್ಕೆ ತಳ್ಳುವ ಒಲವು ಇರುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆ ನೀರು ಮೇಲೆ ಬರುತ್ತದೆ. ಆಳದ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶ ತುಂಬಿರುತ್ತದೆ. ಬಿಸಿಲು ಸಿಕ್ಕ ಕೂಡಲೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅದನ್ನು ತಿನ್ನಲು ಬೂತಾಯಿ, ಬಂಗುಡೆ ಹಿಂಡು ಹಿಂಡಾಗಿ ಬರುತ್ತವೆ. ದಾವಣಗೆರೆ ಮಾರ್ಕೆಟ್ಟಿಗೆ ಐಸ್ ಪೆಟ್ಟಿಗೆಯಲ್ಲಿ ಬರುವ ಬೂತಾಯಿಯ ಹಿಂದೆ ಇಷ್ಟೆಲ್ಲ ಇದೆ.

ಆಗುಂಬೆಗೆ ಅಷ್ಟು ಮಳೆ, ಚಳ್ಳಕೆರೆಗೆ ಯಾಕಿಲ್ಲ? ಒಂದೇ ಮೋಡ ತಾನೆ?

ಒಂದೇ ಗಾಳಿ. ಆದರೆ ಚಳ್ಳಕೆರೆಗೆ ಬರುವ ಹೊತ್ತಿಗೆ ಅದರಲ್ಲಿ ಹೆಚ್ಚು ನೀರು ಉಳಿದಿರುವುದಿಲ್ಲ.

ಅರಬ್ಬಿ ಸಮುದ್ರದ ಮೇಲೆ ಬಂದ ಒದ್ದೆ ಗಾಳಿಗೆ ಘಟ್ಟ ಅಡ್ಡ ಬರುತ್ತದೆ. ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಇದೇ ಗಾಳಿ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ನೀರು ಬಿಡುವುದಿಲ್ಲ, ಇದ್ದ ಮೋಡವನ್ನೂ ಕರಗಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷದ ಮಳೆ 500 ಮಿ.ಮೀ. ಸುತ್ತಮುತ್ತ. ಇದಕ್ಕೇ ಮಳೆ ನೆರಳಿನ ಪ್ರದೇಶ ಅನ್ನುವುದು.

ಆಷಾಢದಲ್ಲಿ ದುರ್ಗದಲ್ಲಿ ನಿಂತರೆ ಮೋಡ ತಲೆ ಮೇಲೆ ಓಡುತ್ತಿರುತ್ತದೆ, ಹನಿ ಬೀಳುವುದಿಲ್ಲ, ಗಾಳಿ ಮಾತ್ರ ಪಂಚೆ ಕಿತ್ತುಕೊಂಡು ಹೋಗುವಷ್ಟು. ನೀರು ಕೊಡದ ಆ ಗಾಳಿಯಿಂದ ಈಗ ಕರೆಂಟಾದರೂ ಸಿಗುತ್ತಿದೆ. ಬೆಟ್ಟಗಳ ಸಾಲಿನ ಮೇಲೆ ತಿರುಗುವ ಫ್ಯಾನುಗಳಿಗೆ ಮುಂಗಾರೇ ಸುಗ್ಗಿ. ರೈತನಿಗೆ ಅದರಿಂದ ಸಮಾಧಾನ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಹಾಗಾದರೆ ನಮಗೆ ಬರುವ ಮಳೆ ಎಲ್ಲಿಯದು?

ಸ್ವಲ್ಪ ಬೇಸಿಗೆ ಕೊನೆಯ ಗುಡುಗು ಮಳೆ. ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆ ಅಂತ ಹಿರಿಯರು ಕಾಯುತ್ತಿದ್ದುದು ಸುಮ್ನೆ ಅಲ್ಲ. ಆ ಹೊತ್ತಿಗೆ ಪಶ್ಚಿಮದ ಗಾಳಿ ಸೋತು, ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರಲು ಶುರುವಾಗುತ್ತದೆ. ಆ ಕಡೆ ಘಟ್ಟದಷ್ಟು ಎತ್ತರದ ಗೋಡೆ ಇಲ್ಲ. ಚೆನ್ನೈ ಹತ್ತಿರ ವಾಯುಭಾರ ಕುಸಿತ ಎಂದರೆ ಹಿರಿಯೂರಿನಲ್ಲಿ ಈರುಳ್ಳಿ ಕಿತ್ತು ಹೊಲದಲ್ಲೇ ಬಿಟ್ಟವರು ಓಡುವುದು ಅದಕ್ಕೆ.

ಇಂಥ ಮಳೆ ನಂಬುವಂಥದ್ದಲ್ಲ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೂ ಭದ್ರೆಯಿಂದ ನೀರು ಬಂದು ಸೇರಿದ್ದು ಒಂದು ಕಾರಣ.

ನಮ್ಮೂರಲ್ಲಿ ಬಿದ್ದ ನೀರು ಯಾವ ಸಮುದ್ರ ಸೇರುತ್ತೆ?

ಬಂಗಾಳ ಕೊಲ್ಲಿ. ವೇದಾವತಿ ಬಳ್ಳಾರಿ ಕಡೆಗೆ ಹೋಗಿ ಹಗರಿಯಾಗಿ ತುಂಗಭದ್ರೆ ಸೇರುತ್ತದೆ. ಹರಿಹರದಲ್ಲಿ ನೋಡುವ ತುಂಗಭದ್ರೆ ಮುಂದೆ ಕೃಷ್ಣೆ ಸೇರಿ ಆಂಧ್ರದಲ್ಲಿ ಕಡಲಿಗೆ ಬೀಳುತ್ತದೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದಿಂದ ಅರಬ್ಬಿ ಸಮುದ್ರ ತೀರಾ ಹತ್ತಿರ. ಆದರೂ ಪೂರ್ವಕ್ಕೆ ತಿರುಗಿ ಇಡೀ ನಾಡು ದಾಟುತ್ತವೆ, ಏಕೆಂದರೆ ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರು. ಅರಬ್ಬಿ ಸಮುದ್ರದಿಂದ ಎದ್ದ ಆವಿಯನ್ನು ಘಟ್ಟದಲ್ಲಿ ಇಳಿಸಿಕೊಂಡು ಬಂಗಾಳ ಕೊಲ್ಲಿಗೆ ಮುಟ್ಟಿಸುವ ಕೆಲಸ ಈ ನದಿಗಳದ್ದು.

ದುರ್ಗದ ಜಾಗದಲ್ಲಿ ಹಿಂದೆ ಸಮುದ್ರ ಇತ್ತಂತೆ. ಸುಳ್ಳಲ್ವಾ?

ಸುಳ್ಳಲ್ಲ, ಸಮುದ್ರ ಇದ್ದದ್ದು ನಿಜ. ನೋಡಲು ಕರಾವಳಿಗೆ ಹೋಗಬೇಕಿಲ್ಲ, ಐಮಂಗಲದ ಹತ್ತಿರ ಮರಡಿಹಳ್ಳಿಗೆ ಹೋದರೆ ಸಾಕು. ಅಲ್ಲಿನ ಗುಡ್ಡದಲ್ಲಿ ಕಪ್ಪು-ಹಸಿರು ಕಲ್ಲುಗಳು ದಿಂಬು ಪೇರಿಸಿಟ್ಟ ಆಕಾರದಲ್ಲಿವೆ. ಹೆಸರೂ ಅದೇ, ದಿಂಬು ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಆಕಾರ ಬರುವುದು ಲಾವಾ ನೀರಿನೊಳಗೆ ಉಕ್ಕಿದಾಗ. ಕಾದ ಲಾವಾ ತಣ್ಣೀರು ತಾಗಿದ ಕೂಡಲೇ ಹೊರಗೆ ಗಾಜಿನಂಥ ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ದ್ರವ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಸೀಳಿ ಇನ್ನೊಂದು ಉಂಡೆ ಹೊರಬರುತ್ತದೆ, ಅದಕ್ಕೂ ಸಿಪ್ಪೆ. ಹೀಗೆ ಒಂದರ ಮೇಲೊಂದು. ಮೇಲಿನದು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡರ ಸಂದಿಗೆ ಇಳಿದು ಅಡಿಯಲ್ಲಿ ಚೂಪಾಗುತ್ತದೆ. ಅದನ್ನು ನೋಡಿಯೇ ಭೂವಿಜ್ಞಾನಿಗಳು ಆ ಕಾಲದಲ್ಲಿ ಮೇಲು ಯಾವುದು, ಕೆಳಗೆ ಯಾವುದು ಅಂತ ಹೇಳುತ್ತಾರೆ. ಹವಾಯಿ ದ್ವೀಪದ ಬಳಿ ಸಮುದ್ರದಡಿ ಈಗಲೂ ಇದೇ ನಡೆಯುತ್ತದೆ.

ಸಾಕ್ಷಿ ಇದೊಂದೇ ಅಲ್ಲ. ಭೀಮಸಮುದ್ರದ ಕಡೆ ತೆಗೆಯುವ ಕಬ್ಬಿಣದ ಅದಿರು ಇರುವುದು ಕೆಂಪು, ಕಪ್ಪು ಪಟ್ಟೆ ಪಟ್ಟೆಯ ಕಲ್ಲಿನ ಜೊತೆ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಮ್ಮಿ ಇತ್ತು. ಹಾಗಾಗಿ ಕಬ್ಬಿಣ ಸಮುದ್ರದ ನೀರಿನಲ್ಲೇ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡಲು ಶುರು ಮಾಡಿದಂತೆ ಅದು ತುಕ್ಕಾಗಿ ತಳಕ್ಕೆ ಪದರ ಪದರವಾಗಿ ಕೂತಿತು ಅನ್ನುವುದು ಬಹಳ ಜನ ಒಪ್ಪುವ ವಿವರಣೆ. ಗದಗದಿಂದ ದುರ್ಗ ದಾಟಿ ದಕ್ಷಿಣಕ್ಕೆ 400 ಕಿ.ಮೀ.ಗೂ ಉದ್ದ ಹಬ್ಬಿರುವ ಈ ಶಿಲಾಪಟ್ಟಿಗೆ ಪ್ರಪಂಚದ ಭೂವಿಜ್ಞಾನದಲ್ಲಿ ಚಿತ್ರದುರ್ಗದ ಹೆಸರೇ ಇದೆ. ಇದನ್ನು ಓದಲು ಬೇರೆ ದೇಶದವರು ಬರುತ್ತಾರೆ. ನಮ್ಮ ಪ್ರವಾಸದ ಬಸ್ಸು ಮಾತ್ರ ಮರಡಿಹಳ್ಳಿ ಮುಂದೆ ನಿಲ್ಲದೇ ಹೋಗುತ್ತದೆ.

ಅಂದ ಹಾಗೆ ಆ ಸಮುದ್ರ ಅರಬ್ಬಿ ಸಮುದ್ರ ಅಲ್ಲ. ಅರಬ್ಬಿ ಸಮುದ್ರ ತೀರಾ ಹೊಸದು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬದಂಥ ಕಲ್ಲುಗಳೂ ಲಾವಾವೇ, ಆದರೆ ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಹೊತ್ತಿನವು. ನಮ್ಮ ಪಶ್ಚಿಮ ಕರಾವಳಿ ಅನ್ನುವುದು ಶುರುವಾದದ್ದೇ ಅಲ್ಲಿಂದ.

ಕೋಟೆಯ ದುಂಡು ಬಂಡೆಗಳನ್ನು ಸಮುದ್ರವೇ ಸವೆಸಿದ್ದಾ?

ಅಲ್ಲ. ಅದು ಮಳೆ, ಬಿಸಿಲಿನ ಕೆಲಸ. ಗ್ರಾನೈಟ್ ನೆಲದಾಳದಲ್ಲಿ ಗಟ್ಟಿಯಾದ ಕಲ್ಲು. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಇರುತ್ತದೆ. ನೀರು ಇಳಿದು ಕಲ್ಲನ್ನು ಕೊಳೆಸುತ್ತದೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅದು ಮೊದಲು ಹೋಗುತ್ತದೆ, ಒಳಗಿನ ಗಟ್ಟಿ ಗುಂಡು ಉಳಿಯುತ್ತದೆ. ಸುತ್ತಲಿನ ಮಣ್ಣು ತೊಳೆದು ಹೋದ ಮೇಲೆ ಯಾರೋ ಎತ್ತಿ ಇಟ್ಟಂತೆ ಕಾಣುತ್ತದೆ. ಕೋಟೆ ಕಟ್ಟಿದವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಬಂಡೆ ಮೇಲಿಂದ ಹರಿದ ಮಳೆ ನೀರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡಗಳಲ್ಲಿ ನಿಲ್ಲುವ ಹಾಗೆ ಮಾಡಿದರು.

ನಮ್ಮ ಬೋರ್‌ವೆಲ್ ನೀರು ಸವಳು. ಹಳೆಯ ಸಮುದ್ರದ ಉಪ್ಪಾ?

ಅಲ್ಲ. ಮಳೆ ನೀರು ಕಲ್ಲಿನ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರುವ ಕಡೆ ಉಪ್ಪು ತೊಳೆದು ಹೋಗದೆ ಉಳಿಯುತ್ತದೆ. ರುಚಿಗಿಂತ ಫ್ಲೋರೈಡ್ ಕಡೆ ಗಮನ ಕೊಡಿ. ಅದೂ ಗ್ರಾನೈಟಿನಂಥ ಕಲ್ಲಿನಿಂದಲೇ ಬರುವುದು, ನಾಲಿಗೆಗೆ ಗೊತ್ತಾಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಒಮ್ಮೆ ಪರೀಕ್ಷೆ ಮಾಡಿಸಿ.

ಸುನಾಮಿ ಬಂದರೆ, ಇಲ್ಲವೇ ಸಮುದ್ರ ಏರಿದರೆ, ನಮ್ಮೂರಿಗೆ ತೊಂದರೆ ಇದೆಯಾ?

ನೀರು ಇಲ್ಲಿಗೆ ಬರುವುದಿಲ್ಲ. ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ದುರ್ಗ 700ಕ್ಕೂ ಮೇಲೆ. ಭೂಮಿಯ ಮೇಲಿನ ಹಿಮವೆಲ್ಲ ಕರಗಿದರೂ ಕಡಲು ಏರುವುದು 70 ಮೀಟರ್ ಒಳಗೆ.

ಆದರೆ ಪ್ರವಾಸದಲ್ಲಿ ಇರುವಾಗ ತಿಳಿದಿರಲಿ. 2004ರ ಡಿಸೆಂಬರ್ 26ರ ಸುನಾಮಿ ಸುಮಾತ್ರಾ ಕಡೆಯಿಂದ ಬಂತು, ನಮ್ಮ ಕರಾವಳಿ ಬಚಾವಾಯಿತು. ಅರಬ್ಬಿ ಸಮುದ್ರದಲ್ಲೂ ಸುನಾಮಿ ಹುಟ್ಟುವ ಜಾಗ ಇದೆ. 1945ರ ನವೆಂಬರ್‌ನಲ್ಲಿ ಪಾಕಿಸ್ತಾನ-ಇರಾನ್ ಕಡೆಯ ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಮುಂಬೈವರೆಗೂ ಬಂದಿತ್ತು. ಈಗ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿಯ ರಾಷ್ಟ್ರೀಯ ಕೇಂದ್ರ ಇನ್‌ಕಾಯಿಸ್‌ನಿಂದ ಮುನ್ನೆಚ್ಚರಿಕೆ ಬರುತ್ತದೆ. ಸಮುದ್ರ ಇದ್ದಕ್ಕಿದ್ದಂತೆ ಬಹಳ ಹಿಂದಕ್ಕೆ ಸರಿದು ತಳ ಕಂಡರೆ, ಚಿಪ್ಪು ಆರಿಸಲು ಹೋಗದೆ ಎತ್ತರದ ಕಡೆಗೆ ಓಡಿ. ಮೊದಲ ಅಲೆ ಹೋದ ಮೇಲೆ ಕೆಳಗೆ ಇಳಿಯಬೇಡಿ. ಎರಡನೆಯದು, ಮೂರನೆಯದು ಅದಕ್ಕಿಂತ ದೊಡ್ಡದಿರಬಹುದು. ಅಧಿಕಾರಿಗಳು ಹೇಳುವ ತನಕ ಮೇಲೆಯೇ ಇರಿ.